ಉತ್ತರದ ಗೋಡೆ

ಲ್ವಾಂಬೊಗೊ
4 ಮಾರ್ಚ್ 1991

ಪ್ರೀತಿಯ ಅಣ್ಣ ಎರಿಸಾನಿಗೆ,

ದಮಾಲಿ ಮಾಡುವ ವಂದನೆಗಳು. ಕಿಸುಮುವಿನಲ್ಲಿ ಅತ್ತಿಗೆ, ಮಕ್ಕಳು, ಮೊಮ್ಮಕ್ಕಳು ಎಲ್ಲ ಆರಾಮವೆಂದು ನಂಬಿದ್ದೇನೆ. ಇಲ್ಲಿ ನಾನು ಆರಾಮವಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸಂತ ಬಾರ್ನಬನ ಚರ್ಚನ್ನು ಕೆಡವಬೇಕಂತೆ. ಕಮಿಟಿಯ ಹೊಸ ಚೇರ್ಮನ್ ಎಫ್ರಾಯಿಮ್ ಲುಟಾಮಗುಜಿ, ಕಾಫಿ ಗಿರಣಿಯವನು, ನಿನಗೆ ಅವನ ಅಪ್ಪ ಗೊತ್ತು. ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಎದ್ದು ನಿಂತು, "ಪಕ್ಕದೂರಿನೋರು ಸಾವಿರ ಜನ ಕೂರೋ ಚರ್ಚ್ ಎಬ್ಬಿಸಿದ್ದಾರೆ. ನಾವಿನ್ನೂ ಬಾವಲಿ ಗೂಡಲ್ಲಿ ಕೂತು ದೇವರನ್ನ ಕರೀತಿದ್ದೀವಿ. ಆತನಿಗೂ ಬರೋಕೆ ನಾಚಿಕೆ ಆಗಲ್ವಾ?" ಅಂದ. ಜನ ನಕ್ಕರು. ನಾನು ನಗಲಿಲ್ಲ. ಎದ್ದು ನಿಂತು, "ಇದು ಅರವತ್ತು ವರ್ಷದ ಕಟ್ಟಡ. ಈ ಊರಿನ ಹೆಂಗಸರು ತಲೆ ಮೇಲೆ ಇಟ್ಟಿಗೆ ಹೊತ್ತು ಕಟ್ಟಿದ್ದು. ಇದರ ಇತಿಹಾಸ ಬರೆದು ತೋರಿಸ್ತೀನಿ. ಅಲ್ಲೀತನಕ ಯಾರೂ ಗುದ್ದಲಿ ಮುಟ್ಟಬಾರದು" ಅಂದುಬಿಟ್ಟೆ. ಪಾದ್ರಿ ಬೆನೊನಿ ವರ್ಷಾಂತ್ಯದವರೆಗೆ ಸಮಯ ಕೊಟ್ಟಿದ್ದಾರೆ. ಕಂಪಾಲಾದಲ್ಲಿ ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಕಚೇರಿಯೊಂದಿದೆ. ಅವರ ಪಟ್ಟಿಗೆ ಸೇರಿದರೆ ಯಾರೂ ಮುಟ್ಟುವಂತಿಲ್ಲ.

ಈಗ ನನ್ನ ಕಷ್ಟ ಕೇಳು. ಬಾಗಿಲ ಪಕ್ಕದ ಕಲ್ಲಿನಲ್ಲಿ ಪಾದ್ರಿ ಹಾರ್ಬಿನ್ ಹೆಸರು ಮಾತ್ರ ಇದೆ. ನಮ್ಮಪ್ಪ ನಸಾನೈರಿ ನಾಲ್ಕು ವರ್ಷ ಮೇಸ್ತ್ರಿಯಾಗಿ ನಿಂತು ಕಟ್ಟಿದರು ಎನ್ನುವುದಕ್ಕೆ ಒಂದು ಚೂರು ಕಾಗದವಿಲ್ಲ. ನಾನಾಗ ಕೈಗೂಸು. ಆ ಕೆಲಸದಲ್ಲಿ ಕೈ ಹಾಕಿದವರಲ್ಲಿ ಇನ್ನೂ ಬದುಕಿರುವ ಗಂಡಸು ನೀನೊಬ್ಬನೇ. ಆದ್ದರಿಂದ ಸರಿಯಾಗಿ ಉತ್ತರಿಸು: ಕೆಲಸ ಶುರುವಾದದ್ದು ಯಾವ ತಿಂಗಳು? ನಕ್ಷೆ ಬರೆದವರು ಯಾರು? ಪಾಯ ಎಷ್ಟು ಆಳ? ಕಚೇರಿಯವರು ಮೊದಲು ಕೇಳುವುದು ಪಾಯದ ಮಾತನ್ನೇ ಅಂತೆ.

ಬೇಗ ಬರೆ.

ನಿನ್ನ ತಂಗಿ,
ದಮಾಲಿ

*

ಕಿಸುಮು
29 ಮಾರ್ಚ್ 1991

ತಂಗಿ ದಮಾಲಿಗೆ ಆಶೀರ್ವಾದಗಳು.

ನಿನ್ನ ಪತ್ರ ಹದಿನೆಂಟು ದಿನ ತೆಗೆದುಕೊಂಡಿತು. ನಡೆದುಕೊಂಡು ಬಂದಿದ್ದರೂ ಇಷ್ಟರಲ್ಲಿ ಬರುತ್ತಿತ್ತು.

ಇಟ್ಟಿಗೆ ವಿಷಯ ಹೇಳುತ್ತೇನೆ, ಬರೆದುಕೋ. ಜೇಡಿ ತೆಗೆದದ್ದು ಕೆಳಗಿನ ಜೌಗಿನಿಂದ. ಒಂದು ಗೂಡಿಗೆ ಎಂಟು ಸಾವಿರ ಇಟ್ಟಿಗೆ, ಆರು ದಿನ ಆರು ರಾತ್ರಿ ಬೆಂಕಿ. ಅಪ್ಪ ಪ್ರತಿ ಗೂಡಿನಿಂದ ಹತ್ತು ಇಟ್ಟಿಗೆ ತೆಗೆದು ಒಂದಕ್ಕೊಂದು ತಟ್ಟಿ ನೋಡುತ್ತಿದ್ದರು. ಗಂಟೆಯ ಸದ್ದು ಬಂದರೆ ಸರಿ, ಮಡಕೆಯ ಸದ್ದು ಬಂದರೆ ಅಷ್ಟೂ ವಾಪಸ್. ಗೋಡೆಗೆ ಹುತ್ತದ ಮಣ್ಣು, ಹೊರಗಿನ ಸಂದಿಗೆ ಸುಣ್ಣದ ಗಾರೆ. ಬಾಗಿಲಿಗೆ ಮುವುಲೆ ಮರ. ಹಾರ್ಬಿನ್ ಸಾಹೇಬರು ಒಳ್ಳೆಯವರೇ, ಆದರೆ ಮಟ್ಟಗೋಲನ್ನು ತಲೆಕೆಳಗೆ ಹಿಡಿಯುತ್ತಿದ್ದರು. ಅದನ್ನು ಬರೆಯಬೇಡ.

ಇನ್ನೊಂದು ಮಾತು. ಕಟ್ಟಡಕ್ಕೂ ವಯಸ್ಸಾಗುತ್ತದೆ, ತಂಗಿ. ನಾನು ಐವತ್ತು ವರ್ಷ ಕಟ್ಟಿದವನು, ಕಟ್ಟಿದ್ದನ್ನು ಕೆಡವಿದವನೂ ಹೌದು. ಕೆಡವುತ್ತೇವೆ ಎಂದರೆ ಕೆಡವಲಿ ಬಿಡು. ಹೊಸದಕ್ಕೆ ಅಪ್ಪನ ಹೆಸರಿನಲ್ಲಿ ಒಂದು ಕಿಟಕಿ ಕೊಡಿಸೋಣ.

ಮಂಡಿ ನೋವು ಇದ್ದಲ್ಲೇ ಇದೆ.

ಎರಿಸಾ

*

ಲ್ವಾಂಬೊಗೊ
2 ಮೇ 1991

ಅಣ್ಣ,

ನಾನು ಕೇಳದಿದ್ದದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೀಯ. ಕೇಳಿದ ಮೂರರಲ್ಲಿ ಒಂದಕ್ಕೂ ಇಲ್ಲ. ಶಾಲೆಯಲ್ಲಾಗಿದ್ದರೆ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

"ಬಿಡು" ಎನ್ನುವುದು ನಿನಗೆ ಸುಲಭ. ನಲವತ್ತೊಂಬತ್ತರಲ್ಲಿ ಅಪ್ಪನ ಮಣ್ಣು ಆರುವ ಮೊದಲೇ ಗಡಿ ದಾಟಿ ಹೋದವನು ನೀನು. ಹಿಂದಿರುಗಿ ಬಂದದ್ದು ಎರಡೇ ಸಲ, ಎರಡು ಸಲವೂ ಚರ್ಚಿನೊಳಗೆ ಕಾಲಿಡಲಿಲ್ಲ. ಅಪ್ಪನ ಕೈಕೆಲಸ ಬೀಳುವುದನ್ನು ನಾನು ನೋಡಿಕೊಂಡಿರಬೇಕೆ?

ಕಂಪಾಲಾಕ್ಕೆ ಎರಡು ಸಲ ಹೋಗಿ ಬಂದೆ. ಮೊದಲ ಸಲ ಅಧಿಕಾರಿ ಊಟಕ್ಕೆ ಹೋಗಿದ್ದರು. ಮೂರು ಗಂಟೆಯಾದರೂ ಅವರ ಊಟ ಮುಗಿಯಲಿಲ್ಲ. ಎರಡನೇ ಸಲ ಸಿಕ್ಕರು. "ನಕ್ಷೆ ಇದ್ಯಾ? ಪಾಯದ ವಿವರ ಇದ್ಯಾ? ಇಲ್ವಾ? ಹಾಗಾದ್ರೆ ಅದು ಹಳೇ ಕಟ್ಟಡ ಅಷ್ಟೇ ಅಮ್ಮಾ, ಇತಿಹಾಸದ ಕಟ್ಟಡ ಅಲ್ಲ" ಅಂದರು. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದಕ್ಕೆ, "ಕಾಗದ" ಅಂದರು.

ಮಿರಿಯಾಮಜ್ಜಿಯ ಹತ್ತಿರ ಕೂತು ಒಂದು ಮಧ್ಯಾಹ್ನ ಬರೆದುಕೊಂಡೆ. ಎಂಬತ್ತಾರು ವಯಸ್ಸು, ಕಣ್ಣು ಮಂಜಾಗಿದೆ, ನಾಲಿಗೆ ಮಾತ್ರ ಹರಿತ. "ಭಾನುವಾರ ಒಬ್ಬೊಬ್ಬಳು ಆರು ಇಟ್ಟಿಗೆ ಹೊರಬೇಕು. ಬಸುರಿಯಾದ್ರೆ ಮೂರು. ನಾನು ಆ ನಾಲ್ಕು ವರ್ಷದಲ್ಲಿ ಮೂರು ಸಲ ಬಸುರಿ. ನನ್ನ ಲೆಕ್ಕ ಯಾವತ್ತೂ ಕಮ್ಮೀನೇ" ಎಂದು ನಕ್ಕಳು. ಪಾಯದ ಬಗ್ಗೆ ಕೇಳಿದರೆ, "ನಾನು ಇಟ್ಟಿಗೆ ಹೊತ್ತವಳು, ಗುಂಡಿ ತೋಡಿದವಳಲ್ಲ" ಅಂದು ಬೇಯುತ್ತಿದ್ದ ಮಟೋಕೆ ಬಾಳೆಕಾಯಿಯ ಪಾತ್ರೆ ನೋಡಲು ಒಳಗೆದ್ದು ಹೋದಳು.

ಎಫ್ರಾಯಿಮ್ ದಾರಿಯಲ್ಲಿ ಸಿಕ್ಕಾಗಲೆಲ್ಲ, "ಟೀಚರಮ್ಮ, ಇತಿಹಾಸ ಎಲ್ಲೀವರೆಗೆ ಬಂತು? ಆದಾಮ ಹುಟ್ಟಿದ್ನಾ?" ಎಂದು ಕೇಳುತ್ತಾನೆ.

ಪಾಯ ಎಷ್ಟು ಆಳ? ಒಂದು ಸಂಖ್ಯೆ ಬರೆದರೆ ಸಾಕು.

ದಮಾಲಿ

*

ಕಿಸುಮು
10 ಜೂನ್ 1991

ತಂಗಿ,

ನಕ್ಷೆ ಹಾರ್ಬಿನ್ ಸಾಹೇಬರದು. ಕೆಲಸ ಶುರುವಾದದ್ದು 1929ರ ಜೂನಿನಲ್ಲಿ. ನಕ್ಷೆಯಲ್ಲಿ ಪಾಯ ನಾಲ್ಕು ಅಡಿ ಎಂದು ಬರೆದಿತ್ತು.

ನೀನು ಬೈದದ್ದೆಲ್ಲ ಸರಿ. ಎಂಬತ್ತು ವರ್ಷದವನಿಗೆ ಬೈಯುವವರು ಉಳಿದಿದ್ದಾರೆ ಎನ್ನುವುದೇ ಒಂದು ಭಾಗ್ಯ.

ಚರ್ಚಿನಲ್ಲಿ ನೀನು ಇನ್ನೂ ಉತ್ತರದ ಗೋಡೆಯ ಪಕ್ಕವೇ ಕೂರುತ್ತೀಯಾ? ದಕ್ಷಿಣದ ಕಡೆ ಕೂತುಕೋ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಎರಿಸಾ

*

ಲ್ವಾಂಬೊಗೊ
20 ಜುಲೈ 1991

ಅಣ್ಣ,

ಗಾಳಿಯ ವಿಷಯ ತಿಳಿಸಿದ್ದಕ್ಕೆ ಬಹಳ ಉಪಕಾರವಾಯಿತು. ಐವತ್ತೆಂಟು ವರ್ಷ ಆ ಚರ್ಚಿನಲ್ಲಿ ಉಸಿರಾಡಿದ ನನಗೆ ಅದು ಗೊತ್ತಿರಲಿಲ್ಲ.

ನಿನ್ನ ಕಾಗದ ಓದಿದಾಗ ಅನಿಸಿದ್ದನ್ನು ಹೇಳಿಬಿಡುತ್ತೇನೆ. ನಿನಗೆ ಅಪ್ಪನ ಮೇಲೆ ಏನೋ ಸಿಟ್ಟಿದೆ. ಕರಣೆ ಹಿಡಿಯುವುದನ್ನು ಅಪ್ಪ ಕಲಿಸಿದರು, ಹೆಸರು ಮಾತ್ರ ನೀನು ಪರದೇಶದಲ್ಲಿ ಗಳಿಸಿಕೊಂಡೆ. ಅಪ್ಪನ ಹೆಸರು ಮೇಲೆ ಬಂದರೆ ನಿನಗೇನು ನಷ್ಟ?

ಇರಲಿ. ನಿನ್ನ "ನಾಲ್ಕು ಅಡಿ" ಉಪಯೋಗಕ್ಕೆ ಬಂತು. ಜೂನ್ ಕೊನೆಯಲ್ಲಿ ಧರ್ಮಪ್ರಾಂತ್ಯದಿಂದ ಒಬ್ಬ ಇಂಜಿನಿಯರು ಮೋಟಾರ್ ಬೈಕಿನಲ್ಲಿ ಬಂದ, ಮೀಸೆ ಕೂಡ ಸರಿಯಾಗಿ ಬಂದಿಲ್ಲ. ಪಾಯದ ಆಳ ಕೇಳಿ ನಾನು ಹೇಳಿದಷ್ಟನ್ನು ಬರೆದುಕೊಂಡ, ಗೋಡೆಗಳನ್ನೆಲ್ಲ ಸುತ್ತಿ ತಟ್ಟಿ ನೋಡಿದ. ಎಫ್ರಾಯಿಮ್ ಅವನ ಹಿಂದೆ ಹಿಂದೆಯೇ, "ಸರಿಯಾಗಿ ನೋಡಪ್ಪಾ, ಬಿರುಕು ಗಿರುಕು ಇರಬೇಕು" ಎಂದು ಗೋಗರೆಯುತ್ತಿದ್ದ. ಹುಡುಗ ಕೊನೆಗೆ, "ಗೋಡೆ ಗಟ್ಟಿ ಇದೆ, ಇನ್ನೂ ಮೂವತ್ತು ವರ್ಷ ನಿಲ್ಲುತ್ತೆ" ಎಂದು ಬರೆದು ಸಹಿ ಹಾಕಿ ಚಹಾ ಕುಡಿದು ಹೋದ. ಎಫ್ರಾಯಿಮನ ಮುಖ ನೋಡಬೇಕಿತ್ತು, ಕಾಫಿ ಬೀಜದ ಮೂಟೆ ಮಳೆಯಲ್ಲಿ ನೆನೆದ ಹಾಗೆ.

ನಾನು ಎಲ್ಲಿ ಕೂರುತ್ತಿದ್ದೆನೋ ಅಲ್ಲೇ ಕೂರುತ್ತೇನೆ.

ದಮಾಲಿ

*

ಲ್ವಾಂಬೊಗೊ
6 ಅಕ್ಟೋಬರ್ 1991

ಅಣ್ಣ,

ಎರಡೂವರೆ ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಸಿಟ್ಟು ಬಂದಿದ್ದರೆ ಸಿಟ್ಟೆಂದೇ ಬರೆ. ಆರೋಗ್ಯ ಕೆಟ್ಟಿದ್ದರೆ ಮಕ್ಕಳ ಕೈಯಲ್ಲಿ ಬರೆಸು.

ಇಲ್ಲಿ ಒಳ್ಳೆಯ ಸುದ್ದಿ. ನವೆಂಬರ್ 24, ಭಾನುವಾರ, ಬಿಷಪ್ಪರು ನಮ್ಮ ಚರ್ಚಿಗೆ ಬರುತ್ತಾರೆ. ಎಂಬತ್ತೊಂದು ಮಕ್ಕಳ ತಲೆಯ ಮೇಲೆ ಕೈಯಿಟ್ಟು ದೃಢೀಕರಣ ಮಾಡುತ್ತಾರೆ. ತಂದೆತಾಯಿ, ನೆಂಟರಿಷ್ಟರು ಸೇರಿ ಐನೂರು ಜನರಾದರೂ ಆಗುತ್ತಾರೆ. ಬಿಷಪ್ಪರ ಮುಂದೆ ಇತಿಹಾಸದ ಒಂದು ಪುಟ ಓದಲು ಪಾದ್ರಿಗಳು ನನಗೆ ಒಪ್ಪಿಗೆ ಕೊಟ್ಟಿದ್ದಾರೆ. ಅಪ್ಪನ ಹೆಸರಿನಿಂದಲೇ ಶುರು ಮಾಡುತ್ತೇನೆ. ಆಮೇಲೆ ಯಾರು ಕೆಡವುತ್ತಾರೋ ನೋಡೋಣ.

ಸುಣ್ಣ ಬಳಿಸುವ ಕೆಲಸ ನನ್ನ ಮೇಲೆಯೇ ಬಿದ್ದಿದೆ. ಉತ್ತರದ ಗೋಡೆಯಲ್ಲಿ ಒಂದು ಗೆರೆಯ ಕಾಟ. ಎರಡು ಸಲ ಗಾರೆ ತುಂಬಿಸಿದರೂ ಮತ್ತೆ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಈಗಿನ ಸಿಮೆಂಟು ಅಂಥದ್ದು. ಮೂರನೇ ಸಲ ತುಂಬಿಸಿ ಮೇಲೆ ಸುಣ್ಣ ಎಳೆಸಿದ್ದೇನೆ.

ನೀನು ಬಂದರೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ.

ದಮಾಲಿ

*

ಕಿಸುಮು
9 ನವೆಂಬರ್ 1991

ದಮಾಲಿ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಮೀನಿನ ಲಾರಿಯ ಡ್ರೈವರ್ ಒಗುಟುವಿನ ಕೈಗೆ ಕೊಡುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕೆಂದು ಆಣೆ ಹಾಕಿಸಿದ್ದೇನೆ. ಇನ್ನೊಬ್ಬರ ಮುಂದೆ ಓದಬೇಡ. ಕೂತು ಓದು.

ತುಂಬಿದ ಗಾರೆ ಅದೇ ಜಾಗದಲ್ಲಿ ಮತ್ತೆ ಒಡೆದರೆ ತಪ್ಪು ಸಿಮೆಂಟಿನದಲ್ಲ. ಗೋಡೆ ನಡೆಯುತ್ತಿದೆ ಎಂದರ್ಥ. ಆ ಗೋಡೆ ಯಾಕೆ ನಡೆಯುತ್ತಿದೆ ಎನ್ನುವುದು ನನಗೆ ಗೊತ್ತು. ಅರವತ್ತೆರಡು ವರ್ಷದಿಂದ ಗೊತ್ತು.

1929ರಲ್ಲಿ ನನಗೆ ಹದಿನೆಂಟು, ಅಪ್ಪನ ಕೈಕೆಳಗೆ ಪೂರಾ ಕೂಲಿ ತೆಗೆದುಕೊಳ್ಳುತ್ತಿದ್ದ ಗಾರೆಯವನು. ಹಾರ್ಬಿನ್ ಸಾಹೇಬರು ಪಾಯದ ಗುರುತು ಹಾಕಿಕೊಟ್ಟು ಏಳು ತಿಂಗಳ ರಜೆಗೆ ಅವರ ದೇಶಕ್ಕೆ ಹೋದರು. ಮೂರು ಕಡೆ ನಾಲ್ಕು ನಾಲ್ಕು ಅಡಿ ತೋಡಿ ಮುಗಿಯಿತು. ಉತ್ತರದಲ್ಲಿ ಎರಡಡಿ ಹೋಗುವಷ್ಟರಲ್ಲಿ ನನ್ನ ಗುದ್ದಲಿಗೆ ಮೆತ್ತಗೆ ಏನೋ ಸಿಕ್ಕಿಕೊಂಡಿತು. ಎಳೆದರೆ ತೊಗಟೆಯ ಬಟ್ಟೆ. ನಮ್ಮವರು ಹೆಣಕ್ಕೆ ಸುತ್ತುವ ಬಟ್ಟೆ. ಅಪ್ಪ ನನ್ನನ್ನು ಮೇಲೆ ಹತ್ತಿಸಿ ತಾವೇ ಇಳಿದು ಕೈಯಿಂದ ಮಣ್ಣು ಸರಿಸಿದರು. ಒಂದರ ಪಕ್ಕ ಒಂದು, ಸಾಲಾಗಿ ಹನ್ನೊಂದು. ಹೆಚ್ಚಿನವು ಚಿಕ್ಕವು, ತೋಳಿನಷ್ಟು ಉದ್ದ. ಹದಿನೆಂಟನೇ ಇಸವಿಯ ದೊಡ್ಡ ಜ್ವರದಲ್ಲಿ ಸತ್ತ ಮಕ್ಕಳನ್ನು ಸಾಲು ಸಾಲಾಗಿ ಗುಡ್ಡದ ಮೇಲೆ ಹೂಳಿದ್ದರು. ಗುರುತಿನ ಕಲ್ಲಿಡುವ ಶಕ್ತಿಯೂ ಯಾರಿಗೂ ಉಳಿದಿರಲಿಲ್ಲ.

ಅಪ್ಪ ಬಟ್ಟೆಯ ಅಂಚುಗಳನ್ನು ಮತ್ತೆ ಒಳಕ್ಕೆ ಮಡಚಿಟ್ಟರು. ಆಮೇಲೆ, "ಎರಿಸಾ, ಇನ್ನು ತೋಡೋದು ಬೇಡ" ಅಂದರು.

"ನಾಲ್ಕಡಿ ಅಂತ ಸಾಹೇಬ್ರು ಹೇಳಿದ್ದಾರಲ್ಲಪ್ಪಾ?"

"ಸಾಹೇಬ್ರು ಬಂದ್ರೆ ಇವನ್ನ ಎತ್ತಿ ಬೇರೆ ಕಡೆ ಹಾಕಿ ಅಂತಾರೆ. ಒಂದು ಸಲ ಹೂಳೋಕೇ ಈ ತಾಯಂದಿರ ಪ್ರಾಣ ಹೋಗಿದೆ. ಎರಡನೇ ಸಲ ಹೂಳಿಸ್ತೀಯಾ?"

ಎರಡಡಿಯಲ್ಲೇ ಅಗಲದ ಚಪ್ಪಡಿ ಹಾಸಿದರು, ಮಣ್ಣು ಮುಚ್ಚಿದರು. ಸಾಹೇಬರು ಬರುವ ಹೊತ್ತಿಗೆ ಗೋಡೆ ಸೊಂಟದ ಎತ್ತರ. "ಆಳ ಎಷ್ಟು ನಸಾನೈರಿ?" ಎಂದು ಕೇಳಿದಾಗ ಅಪ್ಪ ಕಣ್ಣು ಮಿಟುಕಿಸದೆ, "ನೀವು ಹೇಳಿದಷ್ಟೇ ಸಾಹೇಬ್ರೇ" ಅಂದರು. ನಾನು ಅಪ್ಪನ ಬಾಯಲ್ಲಿ ಕೇಳಿದ ಸುಳ್ಳು ಅದೊಂದೇ.

ಆಗ ಮಾಡು ಆಪಿನ ಹುಲ್ಲಿನದು. ಆ ಭಾರಕ್ಕೆ ಎರಡಡಿ ಸಾಕಾಗಿತ್ತು. ಐವತ್ತೊಂದರಲ್ಲಿ ಹುಲ್ಲು ತೆಗೆದು ಹೆಂಚು ಹಾಕಿದರು. ಆ ಸುದ್ದಿ ಇಲ್ಲಿಗೆ ಬಂದ ದಿನ ನನಗೆ ಊಟ ಸೇರಲಿಲ್ಲ. ಆಗಲೇ ಬರೆಯಬೇಕಿತ್ತು. ಬರೆದರೆ ಅಪ್ಪ ಸುಳ್ಳುಗಾರ ಅಂತಾರೆ, ಹೆಣದ ಮೇಲೆ ಚರ್ಚು ಕಟ್ಟಿದ ಅಂತಾರೆ ಎಂದು ಹೆದರಿದೆ. ಇವತ್ತು ಬರೆಯೋಣ, ನಾಳೆ ಬರೆಯೋಣ ಎನ್ನುತ್ತಲೇ ನಲವತ್ತು ವರ್ಷ ಕಳೆಯಿತು.

ನಮ್ಮ ಮನೆಯವರ ಚಾಪೆ ಯಾವಾಗಲೂ ಆ ಗೋಡೆಯ ಬುಡದಲ್ಲೇ ಇರುತ್ತಿತ್ತು. ಯಾಕೆಂದು ನೀನು ಯಾವತ್ತೂ ಕೇಳಲಿಲ್ಲ. ನಾನು ಕೇಳಿದ್ದೆ. "ಬಿದ್ರೆ ಮೊದಲು ನಮ್ಮ ಮೇಲೆ ಬೀಳ್ಲಿ" ಅಂದಿದ್ದರು. ಅಪ್ಪ ಸತ್ತ ಮೇಲೆ ಅಲ್ಲಿ ಕೂರುವ ಧೈರ್ಯ ನನಗೆ ಬರಲಿಲ್ಲ. ನಾನು ಊರು ಬಿಟ್ಟದ್ದು ಅದಕ್ಕೇ, ಹೆಸರಿಗಾಗಿ ಅಲ್ಲ. ಆದರೆ ನಿನ್ನನ್ನು ಅಲ್ಲೇ ಕೂರಲು ಬಿಟ್ಟು ಹೋದೆ.

ಐನೂರು ಜನರನ್ನು ಒಳಗೆ ಕೂರಿಸಬೇಡ. ಏನಾದರೂ ಮಾಡು, ಕೂರಿಸಬೇಡ.

ಎರಿಸಾ

*

ಲ್ವಾಂಬೊಗೊ
25 ನವೆಂಬರ್ 1991

ಎರಿಸಾ,

ಈ ಸಲ ಅಣ್ಣ ಎಂದು ಬರೆಯುವ ಮನಸ್ಸಾಗುತ್ತಿಲ್ಲ.

ನಿನ್ನ ಲಾರಿ ದಾರಿಯಲ್ಲಿ ಕೆಟ್ಟು ಹನ್ನೊಂದು ದಿನ ನಿಂತಿತ್ತಂತೆ. ಒಗುಟು ಕಾಗದ ತಂದದ್ದು ಶುಕ್ರವಾರ ಸಂಜೆ, ಬಿಷಪ್ಪರು ಬರುವುದಕ್ಕೆ ಒಂದೂವರೆ ದಿನ ಮೊದಲು. ಮೀನಿನ ವಾಸನೆ ಹೊಡೆಯುತ್ತಿತ್ತು. ಎರಡು ಸಲ ಓದಿದೆ. ನಿನ್ನನ್ನು ಶಪಿಸಿದೆ. ಆಮೇಲೆ ನನ್ನನ್ನೂ.

ನಾನೂ ನಿನಗೆ ಒಂದು ವಿಷಯ ಬರೆದಿರಲಿಲ್ಲ. ಇಂಜಿನಿಯರು ಬರುವುದಕ್ಕೆ ನಾಲ್ಕು ದಿನ ಮೊದಲು ಉತ್ತರದ ಗೋಡೆಯಲ್ಲಿ ಮೇಲಿಂದ ಕೆಳಗೆ ಬೆರಳು ತೂರುವಷ್ಟು ಬಿರುಕಿತ್ತು. ಯಾರಿಗೂ ಹೇಳದೆ ಪಕ್ಕದ ಊರಿನಿಂದ ಗಾರೆಯವನನ್ನು ಕರೆಸಿ ಮುಚ್ಚಿಸಿ ಸುಣ್ಣ ಹೊಡೆಸಿದ್ದೆ. ಆ ಹುಡುಗ ತಟ್ಟಿ ನೋಡಿ "ಗಟ್ಟಿ" ಅಂದದ್ದು ನನ್ನ ಗಾರೆಯನ್ನು. ನಲವತ್ತು ವರ್ಷ ಮಕ್ಕಳಿಗೆ ನಕಲು ಹೊಡೆಯಬೇಡಿ ಎಂದು ಪಾಠ ಹೇಳಿದವಳು ನಾನು.

ಶನಿವಾರ ಬೆಳಿಗ್ಗೆ ಪಾದ್ರಿ ಬೆನೊನಿಯವರ ಮನೆಗೆ ಹೋದೆ. ಅವರು ಎಫ್ರಾಯಿಮನನ್ನೇ ಕೇಳಿ ಎಂದು ಚರ್ಚಿಗೆ ಕಳಿಸಿದರು. ಅವನು ಚರ್ಚಿನಲ್ಲಿ ಬಣ್ಣದ ಕಾಗದ ಕಟ್ಟಿಸುತ್ತಿದ್ದ. ಕುರ್ಚಿಗಳ ಸಾಲು ಆಗಲೇ ಉತ್ತರದ ಗೋಡೆಗೆ ತಾಗಿ ನಿಂತಿತ್ತು.

"ಎಫ್ರಾಯಿಮ್, ನಾಳೆ ಪೂಜೆ ಒಳಗೆ ಬೇಡ. ಹೊರಗಿಡಿ. ಈ ಗೋಡೆ ಬೀಳುತ್ತೆ."

ಅವನು ಏಣಿಯ ಮೇಲಿಂದಲೇ ನಕ್ಕ. "ಟೀಚರಮ್ಮ, ಜೂನಲ್ಲಿ ನಾನು ಬೀಳುತ್ತೆ ಅಂದೆ, ನೀವು ಗಟ್ಟಿ ಅಂದ್ರಿ. ಈಗ ನಾನು ಗಟ್ಟಿ ಅಂತೀನಿ, ನೀವು ಬೀಳುತ್ತೆ ಅಂತೀರಿ. ನನ್ನ ಮಾತಿಗೆ ಎದುರು ಹೇಳೋದೇ ನಿಮ್ಮ ಸಂಬಳನಾ?"

"ನಿಜ ಹೇಳ್ತಿದ್ದೀನಿ."

"ಬಿಷಪ್ಪರನ್ನ ಬಾಳೆಗಿಡದ ಕೆಳಗೆ ಕೂರಿಸ್ಲಾ? ಇಂಜಿನಿಯರ ಸಹಿ ಇದೆ. ಹೋಗಿ ನಿಮ್ಮ ಪುಟ ಬಾಯಿಪಾಠ ಮಾಡ್ಕೊಳ್ಳಿ, ಹೋಗಿ."

ಕಮಿಟಿಯವರೆಲ್ಲ ನಿಂತು ನೋಡುತ್ತಿದ್ದರು. ಹೆಂಗಸರು ಗುಡಿಸುವುದನ್ನು ನಿಲ್ಲಿಸಿದರು. ಹೊರಗೆ ಹೂವಿನ ಪಾತಿ ಕೆದಕುತ್ತಿದ್ದವಳ ಕೈಯಿಂದ ಗುದ್ದಲಿ ಕಿತ್ತುಕೊಂಡು ಬಂದು ಹೊಸ ಸುಣ್ಣದ ಮೇಲೆ ಹೊಡೆದೆ. "ಅಯ್ಯೋ, ಟೀಚರಮ್ಮನಿಗೆ ತಲೆ ಕೆಟ್ಟಿದೆ, ಹಿಡ್ಕೊಳ್ರೋ" ಎಂದು ಯಾರೋ ಕೂಗಿದರು. ಮೂರನೇ ಏಟಿಗೆ ಗಾರೆ ಹಾಳೆ ಹಾಳೆಯಾಗಿ ಕಳಚಿಕೊಂಡಿತು. ಜೂನಿನಲ್ಲಿ ಬೆರಳು ತೂರುತ್ತಿದ್ದ ಜಾಗದಲ್ಲಿ ನನ್ನ ಕೈ ಮಣಿಕಟ್ಟಿನವರೆಗೆ ಹೋಯಿತು. ಆ ಕಡೆಯಿಂದ ತಣ್ಣನೆಯ ಗಾಳಿ ಬೆರಳಿಗೆ ತಾಗಿತು.

ಎಫ್ರಾಯಿಮ್ ಏಣಿಯಿಂದ ಇಳಿದು ಬಂದು ತಾನೂ ಕೈ ಹಾಕಿ ನೋಡಿದ.

"ಯಾರು ಮುಚ್ಚಿಸಿದ್ದು ಇದನ್ನ?"

"ನಾನು."

ಅವನು ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಕೈಯ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡು, "ಕುರ್ಚಿಗಳನ್ನ ಹೊರಗೆ ಹಾಕ್ರಪ್ಪಾ" ಅಂದ.

ಭಾನುವಾರದ ಕಥೆ ಕೇಳಬೇಡ. ಟಾರ್ಪಾಲಿನ ಕೆಳಗೆ ಪೂಜೆ. ಎರಡನೇ ಹಾಡಿಗೆ ಮಳೆ. ಬಿಷಪ್ಪರ ನಿಲುವಂಗಿ ನೆನೆದು ಕಾಲಿಗೆ ಅಂಟಿಕೊಂಡಿತು. ಬಿಳಿ ಬಟ್ಟೆ ಹಾಕಿಕೊಂಡು ಬಂದ ಎಂಬತ್ತೊಂದು ಮಕ್ಕಳೂ ಕೆಂಪು ಮಣ್ಣಿನ ಬೊಂಬೆಗಳಾದರು. ತಾಯಂದಿರು ನನ್ನ ಕಡೆ ನೋಡಿ ನೆಲಕ್ಕೆ ಉಗಿದರು. ನನ್ನ ಪುಟ ಓದಿಸಲಿಲ್ಲ. ಆ ಗೋಡೆಯೋ, ಇಡೀ ದಿನ ಆ ಮಳೆಯಲ್ಲಿ ಅಲ್ಲಾಡದೆ ನಿಂತಿತ್ತು, ನನ್ನ ಮರ್ಯಾದೆ ತೆಗೆಯಲೆಂದೇ.

ಪಾಯದ ಕೆಳಗಿನ ವಿಷಯ ಇನ್ನೂ ಯಾರಿಗೂ ಹೇಳಿಲ್ಲ.

ದಮಾಲಿ

*

ಕಿಸುಮು
10 ಡಿಸೆಂಬರ್ 1991

ತಂಗಿ,

ನಿನ್ನ ಪತ್ರ ನಿನ್ನೆ ಬಂತು. ನೀನು ಮುಚ್ಚಿದ್ದು ಐದು ತಿಂಗಳು, ನಾನು ಅರವತ್ತೆರಡು ವರ್ಷ. ಬೈಗುಳವನ್ನೂ ಅದೇ ಪ್ರಮಾಣದಲ್ಲಿ ಹಂಚು.

ಗೋಡೆ ನಿಂತಿದೆ ಎಂದು ಮೋಸ ಹೋಗಬೇಡ. ಮಳೆ ನಿಂತು ಬಿಸಿಲು ಬಂದಾಗ ಮಣ್ಣು ಸೆಳೆದುಕೊಳ್ಳುತ್ತದೆ, ಆಗಲೇ ಅಪಾಯ. ಮೂವತ್ತು ಅಡಿ ದೂರಕ್ಕೆ ಹಗ್ಗ ಕಟ್ಟಿಸು. ದನ ಕರುವೂ ಸುಳಿಯಬಾರದು.

ಅಣ್ಣ ಎಂದು ಬರೆಯದಿದ್ದರೂ ಪರವಾಗಿಲ್ಲ, ಬರೆಯುವುದು ನಿಲ್ಲಿಸಬೇಡ.

ಎರಿಸಾ

*

ಲ್ವಾಂಬೊಗೊ
13 ಡಿಸೆಂಬರ್ 1991

ಅಣ್ಣ,

ಬಿತ್ತು.

ಮೊನ್ನೆ ಬುಧವಾರ, ಮಧ್ಯಾಹ್ನ ಎರಡರ ಸುಮಾರಿಗೆ, ಸುಡುವ ಬಿಸಿಲಿನಲ್ಲಿ. ನಾನು ಅಂಗಳದಲ್ಲಿ ಕಡಲೆಕಾಯಿ ಹರಡುತ್ತಿದ್ದೆ. ಮೊದಲು ಹೆಂಚುಗಳು ಜಾರಿದ ಸದ್ದು, ಆಮೇಲೆ ಒಂದೇ ಒಂದು ಭಾರವಾದ ಸದ್ದು. ಗುಡ್ಡದ ಮೇಲೆ ಕೆಂಪು ಧೂಳು ಎದ್ದಿತು. ಚಪ್ಪಲಿ ಇಲ್ಲದೆ ಓಡಿದೆ. ಉತ್ತರದ ಗೋಡೆ ಪೂರ್ತಿ ಒಳಕ್ಕೆ ಮಲಗಿತ್ತು, ಅದರ ಮೇಲೆ ಅರ್ಧ ಮಾಡು. ಬಾವಲಿಗಳು ಹಗಲು ಬೆಳಕಿನಲ್ಲಿ ದಿಕ್ಕೆಟ್ಟು ಹಾರುತ್ತಿದ್ದವು. ಒಳಗೆ ಯಾರೂ ಇರಲಿಲ್ಲ. ಪಾದ್ರಿಗಳ ಎರಡು ಆಡು ಹೋದವು.

ಎಫ್ರಾಯಿಮ್ ಗಿರಣಿ ಬಿಟ್ಟು ಬಂದ. ಒಂದು ಇಟ್ಟಿಗೆ ಎತ್ತಿ ನೋಡಿ ಕೆಳಗಿಟ್ಟ. ಆಮೇಲೆ, "ನಮ್ಮ ಮೊಮ್ಮಗಳೂ ಇದ್ದಳು ಆ ಎಂಬತ್ತೊಂದರಲ್ಲಿ" ಎಂದ, ನನಗೋ ತನಗೋ ಗೊತ್ತಾಗಲಿಲ್ಲ. ಉಪಕಾರವಾಯಿತು ಎನ್ನಲಿಲ್ಲ. ಅವನಿಂದ ಆ ಮಾತು ನಿರೀಕ್ಷಿಸಿದ್ದು ನನ್ನದೇ ತಪ್ಪು.

ಸಂಜೆ ಮಿರಿಯಾಮಜ್ಜಿಯನ್ನು ಯಾರೋ ಸೈಕಲ್ ಮೇಲೆ ಕೂರಿಸಿಕೊಂಡು ಬಂದರು. ಎಫ್ರಾಯಿಮ್ ಆಗತಾನೆ ಕಟ್ಟಿಸಿದ್ದ ಹಗ್ಗದವರೆಗೆ ಕೋಲೂರಿಕೊಂಡು ಬಂದು, "ಚಪ್ಪಡಿ ಒಡೆದಿಲ್ಲ ತಾನೆ?" ಎಂದು ಕೇಳಿದಳು.

"ಯಾವ ಚಪ್ಪಡಿ ಅಜ್ಜಿ? ನಿನಗೆ ಹೇಗೆ ಗೊತ್ತು?"

"ನನ್ನ ತಂಗಿ ಅಲ್ಲಿದ್ದಾಳೆ ಕಣೇ. ಆರು ವರ್ಷದವಳು. ನಿಮ್ಮಪ್ಪ ಗುಂಡಿ ಮುಚ್ಚಿದ ದಿನಾನೇ ಸಂಜೆ ನಮ್ಮನೆ ಬಾಗಿಲಿಗೆ ಬಂದು ನಮ್ಮಮ್ಮನಿಗೆ ಹೇಳಿದ, 'ನಿಮ್ಮ ಮಗು ಎಲ್ಲಿತ್ತೋ ಅಲ್ಲೇ ಇದೆ, ಮೇಲೆ ಚಪ್ಪಡಿ ಹಾಸಿದ್ದೀನಿ' ಅಂತ. ಆ ಸಾಲಲ್ಲಿ ಯಾರ್ಯಾರ ಮನೆಯೋರು ಇದ್ದಾರೆ ಅಂತ ಅವನಿಗೆ ಗೊತ್ತಿತ್ತು, ಹನ್ನೊಂದು ಮನೆಗೂ ಹೋಗಿ ಹೇಳಿದ್ದ. ಇಲ್ದಿದ್ರೆ ನಾವು ಅಷ್ಟು ಇಟ್ಟಿಗೆ ಹೊರ್ತಿದ್ವಾ?"

"ಏಪ್ರಿಲ್ ತಿಂಗಳಲ್ಲಿ ನಿನ್ನ ಮುಂದೆ ಕೂತು ಪಾಯದ ಬಗ್ಗೆ ಕೇಳಿದ್ನಲ್ಲ! ಆಗ್ಯಾಕೆ ಹೇಳ್ಲಿಲ್ಲ?"

"ನೀನು ಆಳ ಎಷ್ಟು ಅಂತ ಕೇಳ್ದೆ. ಅದು ನನಗೇನು ಗೊತ್ತು? ಕೆಳಗೆ ಯಾರಿದ್ದಾರೆ ಅಂತ ಕೇಳ್ಲೇ ಇಲ್ಲ."

ನೋಡು, ಅಣ್ಣ. ನೀನು ಹೊಟ್ಟೆಯಲ್ಲಿಟ್ಟುಕೊಂಡು ಊರು ಬಿಟ್ಟ ಗುಟ್ಟು ಹನ್ನೊಂದು ಮನೆಗೆ ಗೊತ್ತಿತ್ತು. ಗೊತ್ತಿರದವಳು ಇತಿಹಾಸ ಬರೆಯುತ್ತಿದ್ದ ನಾನೊಬ್ಬಳೇ. ಕೂಗಿ ಅಳಬೇಕೋ ನಗಬೇಕೋ ತಿಳಿಯದೆ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟೆ. ಅಜ್ಜಿ ಬೆನ್ನು ತಟ್ಟಿ, "ಅಲ್ಲಿ ಕೂರಬೇಡ, ಚೇಳಿರುತ್ತೆ" ಎಂದಳು.

ದಮಾಲಿ

*

ಲ್ವಾಂಬೊಗೊ
23 ಫೆಬ್ರವರಿ 1992

ಅಣ್ಣ,

ಉಳಿದ ಮೂರು ಗೋಡೆಗಳನ್ನೂ ಇಳಿಸಿದರು. ಅಪ್ಪ ತೋಡಿಸಿದ ನಾಲ್ಕಡಿಯ ಪಾಯಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಎರಡು ಹಾರೆ ಬಾಗಿದವು. ಕೆಲಸದವರು ಬೈದುಕೊಂಡರು, ನನಗೆ ಖುಷಿಯಾಯಿತು.

ಕೆಳಗಿನ ವಿಷಯವನ್ನು ಕಮಿಟಿಯಲ್ಲಿ ಹೇಳಿದೆ. ಎಫ್ರಾಯಿಮನ ಸಾವಿರ ಜನರ ಚರ್ಚಿನ ನಕ್ಷೆ ಸರಿಯಾಗಿ ಆ ಜಾಗದ ಮೇಲೆಯೇ ಬರುತ್ತಿತ್ತು. ಅವನು ಮೇಜು ಗುದ್ದಿದ, "ಎತ್ತಿ ಬೇರೆ ಕಡೆ ಮರ್ಯಾದೆಯಾಗಿ ಇಡೋಣ" ಅಂದ. ಮಿರಿಯಾಮಜ್ಜಿ ಬಾಗಿಲಲ್ಲಿ ಕೂತು, "ಮೊದಲು ನನ್ನನ್ನ ಎತ್ತಿ ಇಡು" ಅಂದಳು. ಮೂರು ಸಭೆಯ ಜಗಳದ ನಂತರ ಹೊಸ ಕಟ್ಟಡ ದಕ್ಷಿಣಕ್ಕೆ ಸರಿಯಿತು. ಅಲ್ಲಿ ಜಾಗ ಸಾಲದು, ನಾನೂರು ಜನರಷ್ಟೇ ಕೂರಬಹುದು. ಎಫ್ರಾಯಿಮ್ ಇನ್ನೂ ನನ್ನೊಡನೆ ಮಾತಾಡುತ್ತಿಲ್ಲ. ಆದರೆ ಹನ್ನೊಂದು ಜನರ ಜಾಗದ ಸುತ್ತ ಬೇಲಿ ಹಾಕಿಸಿದ್ದು ಅವನೇ, ಯಾರೂ ಹೇಳದೆ.

ಇತಿಹಾಸ ಬರೆದು ಮುಗಿಸಿದೆ. ನಲವತ್ತು ಪುಟ. ಕಮಿಟಿ ಅದನ್ನು ನಾಲ್ಕು ಪುಟಕ್ಕೆ ಇಳಿಸಿ ಅಚ್ಚು ಹಾಕಿಸಿದೆ. ಅದರಲ್ಲಿ ಹಾರ್ಬಿನ್ ಸಾಹೇಬರಿದ್ದಾರೆ, ಐದು ಬಿಷಪ್ಪರಿದ್ದಾರೆ, ಎಫ್ರಾಯಿಮನ ಭಾವಚಿತ್ರವಿದೆ. ಕೊನೆಯ ಸಾಲು ಇದು: "1991ರಲ್ಲಿ ಅತಿವೃಷ್ಟಿಯಿಂದಾಗಿ ಹಳೆಯ ಕಟ್ಟಡ ಕುಸಿಯಿತು." ಪಾದ್ರಿಗಳನ್ನು ಕೇಳಿದರೆ, "ಟೀಚರಮ್ಮ, ಅದೂ ನಿಜಾನೇ ಅಲ್ವಾ, ಸ್ವಲ್ಪ ಮಟ್ಟಿಗೆ" ಅಂದರು.

ಇನ್ನೂರು ಪ್ರತಿಗಳು ಹಂಚುವುದಕ್ಕೆಂದು ನನ್ನ ಮನೆಯಲ್ಲೇ ಇವೆ. ಅವರು ಮಾಡಿದ ತಪ್ಪು ಅದೊಂದೇ. ಒಂದು ವಾರದಿಂದ ಪ್ರತಿಯೊಂದರಲ್ಲೂ ಆ ಕೊನೆಯ ಸಾಲನ್ನು ಹೊಡೆದು ಹಾಕಿ, ಕೆಳಗೆ ಕೈಯಿಂದ ಬರೆಯುತ್ತಿದ್ದೇನೆ:

"ಈ ಚರ್ಚನ್ನು ಕಟ್ಟಿದ ಮೇಸ್ತ್ರಿ ನಸಾನೈರಿ ಸೆಮುಗ್ಗಾ. ಉತ್ತರದ ಗೋಡೆಯ ಕೆಳಗೆ ಹನ್ನೊಂದು ಮಂದಿ ಮಲಗಿದ್ದರು, ಆತ ಅವರನ್ನು ಎಬ್ಬಿಸಲಿಲ್ಲ. ಅದನ್ನು ಬಲ್ಲ ಅವನ ಮಗ ಹೇಳಲಿಲ್ಲ. ಬಿರುಕು ಕಂಡ ಅವನ ಮಗಳು ಅದನ್ನು ಮುಚ್ಚಿದಳು. ಗೋಡೆ ಬಿತ್ತು, ಯಾರೂ ಸಾಯಲಿಲ್ಲ."

ನಿನ್ನನ್ನು ಕೇಳದೆ ನಿನ್ನನ್ನೂ ಸೇರಿಸಿದ್ದೇನೆ. ಬೇಸರವಾದರೆ ಬಂದು ಜಗಳ ಆಡು.

ನೂರಾ ಹನ್ನೆರಡು ಆಗಿವೆ. ಇನ್ನು ಎಂಬತ್ತೆಂಟು ಇವೆ. ಹೆಬ್ಬೆರಳು ಊದಿಕೊಂಡಿದೆ. ಈ ಕಾಗದ ತರುವ ಒಗುಟುವಿನ ಲಾರಿ ಬರುವ ಶುಕ್ರವಾರ ಮತ್ತೆ ಈ ಕಡೆ ಬರುತ್ತದಂತೆ, ಮುಂದಿನ ಸೀಟು ನಿನಗೆ ಬಿಡಲು ಹೇಳಿದ್ದೇನೆ. ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆಂದು ಗೊತ್ತು. ಆದರೂ ಬಾ. ನಿನ್ನ ಪಾಲಿನ ನಲವತ್ತನಾಲ್ಕನ್ನು ತೆಗೆದಿಟ್ಟಿದ್ದೇನೆ.

ದಮಾಲಿ